ಇದೇನು ಮಕ್ಕಳಾಟವೇ?

"ಸಂಪಾದಕರೇ, ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಬಿದ್ದ ಪೆಟ್ಟಿನಿಂದ ಕೈಕಾಲುಗಳ ಚಲನೆ ಕೆಡುವ ತೊಂದರೆ) ಇರುವ ಮಕ್ಕಳಿಗೆ ವಿಡಿಯೊ ಗೇಮ್ ಆಡಿಸಿ ಥೆರಪಿ ಕೊಡುವುದನ್ನು ಕಳೆದ ಸಂಚಿಕೆಯಲ್ಲಿ ಹೊಗಳಿ ಬರೆದಿದ್ದೀರಿ. ನನ್ನ ಏಳು ವರ್ಷದ ಮೊಮ್ಮಗಳಿಗೆ ಬಲಗೈ, ಬಲಗಾಲು ಬಿಗಿ. ಮುಕ್ಕಾಲು ಗಂಟೆಯ ಥೆರಪಿಯಲ್ಲಿ ಅರ್ಧ ಗಂಟೆ ಪರದೆಯ ಮುಂದೆ ಬಲೂನು ಒಡೆಯುವುದೇ ಆಯಿತು. ವ್ಯಾಯಾಮ ಮಾಡಿಸಿ ಅಂದರೆ 'ಇದೇ ವ್ಯಾಯಾಮ' ಅನ್ನುತ್ತಾರೆ. ಮನೆಗೆ ಬಂದು ನನ್ನನ್ನೂ ಆಟಕ್ಕೆ ಕರೆಯುತ್ತಾಳೆ, ನಾನು ಹೋಗುವುದಿಲ್ಲ. ಮೂವತ್ತಾರು ವರ್ಷ ಗಣಿತ ಕಲಿಸಿದವನು ನಾನು. ಶಿಸ್ತಿಲ್ಲದೆ ಏನೂ ಬರುವುದಿಲ್ಲ. ಇದೇನು ಮಕ್ಕಳಾಟವೇ?"
— ನಿವೃತ್ತ ಶಿಕ್ಷಕರೊಬ್ಬರು

ಮೇಷ್ಟ್ರೇ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಹೌದು, ಮಕ್ಕಳಾಟವೇ. ಆಡುತ್ತಿರುವುದು ಮಗು ತಾನೇ?

'ಮಕ್ಕಳಾಟ', 'ಹುಡುಗಾಟ' ಎಂಬ ಈ ಎರಡು ಮಾತುಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ಕೆಲಸ ಕೆಡಿಸುವವರು ದೊಡ್ಡವರು, ಬೈಗುಳಕ್ಕೆ ಎಳೆದು ತರುವುದು ಮಕ್ಕಳನ್ನು. ಆಟದಲ್ಲಿ ಮುಳುಗಿದ ಮಗುವಿನಷ್ಟು ಗಂಭೀರವಾಗಿ ನಮ್ಮಲ್ಲಿ ಎಷ್ಟು ಜನ ಕಚೇರಿಯಲ್ಲಿ ಕೂತಿರುತ್ತೇವೆ? (ಈ ಸಾಲು ನಮ್ಮ ಸಹ ಸಂಪಾದಕರ ಕಣ್ಣಿಗೆ ಬೀಳದಿರಲಿ.)

ನಿಮ್ಮ ಆತಂಕದಲ್ಲಿ ಹುರುಳೇ ಇಲ್ಲ ಅನ್ನುವುದಿಲ್ಲ. ಕೈಯಲ್ಲಿ ಹಿಡಿದ ರಿಮೋಟನ್ನು ಬೀಸಿ ಆಡುವ ವಿಡಿಯೊ ಗೇಮ್ ಯಂತ್ರ ನಿಂಟೆಂಡೊ ವೀ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಎರಡೇ ವರ್ಷಕ್ಕೆ, 2008ರಲ್ಲಿ, ಅದನ್ನು ಸೆರೆಬ್ರಲ್ ಪಾಲ್ಸಿಗೆ ಬಳಸಿದ ವರದಿ ಪ್ರಕಟವಾಯಿತು. ಹನ್ನೊಂದು ಸೆಷನ್ ಆಡಿದ ಮೇಲೆ ಊರುಗೋಲಿನಲ್ಲಿ ನಡೆಯುವ ದೂರ ಹೆಚ್ಚಿತು, ಮೈಯ ಹಿಡಿತ ಸುಧಾರಿಸಿತು ಎಂದು ಅದರಲ್ಲಿತ್ತು. ಆದರೆ ಅದು ಹದಿಹರೆಯದ ಒಬ್ಬನೇ ಒಬ್ಬ ರೋಗಿಯ ಕಥೆ. ಆಮೇಲೆ ಬಂದ ಅಧ್ಯಯನಗಳಲ್ಲೂ ಬಹಳಷ್ಟು ಸಣ್ಣ ಗುಂಪುಗಳ ಮೇಲೆ ನಡೆದವು. ಆಟವೊಂದರಿಂದಲೇ ಎಲ್ಲ ಆಗುತ್ತದೆ ಎಂದು ಪೆಟ್ಟಿಗೆ ಮಾರಲು ಬಂದವರನ್ನು ನೀವು ಬಾಗಿಲಲ್ಲೇ ನಿಲ್ಲಿಸಿ, ನನ್ನ ಅಡ್ಡಿಯಿಲ್ಲ.

ಅಷ್ಟು ಒಪ್ಪಿದ್ದಾಯಿತು. ಇನ್ನು ನನ್ನ ಸರದಿ.

ಕೆಲವು ವರ್ಷಗಳ ಹಿಂದೆ ಲೇಖನವೊಂದರ ಸಲುವಾಗಿ ಥೆರಪಿ ಕೋಣೆಯೊಂದರ ಮೂಲೆಯಲ್ಲಿ ಅರ್ಧ ದಿನ ಕೂತಿದ್ದೆ. ಎಂಟು ವರ್ಷದ ಹುಡುಗ, ಎಡಗೈ ಮುಷ್ಟಿ, ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತ್ತು. "ಹತ್ತು ಸಲ ಕೈ ಎತ್ತು ಪುಟ್ಟ" ಅಂದರು ಥೆರಪಿಸ್ಟ್. ಮೂರು ಸಲ ಎತ್ತಿ ಗಡಿಯಾರ ನೋಡಿದ. ನಾಲ್ಕನೆಯದಕ್ಕೆ ನೀರು ಬೇಕಾಯಿತು, ಐದನೆಯದಕ್ಕೆ ಮೂತ್ರಕ್ಕೆ ಅವಸರವಾಯಿತು. ಆಮೇಲೆ ಪರದೆ ಹಾಕಿದರು. ಬಲೂನು ಮೇಲೇರಿದಂತೆ ಎಡಗೈಯೂ ಏರತೊಡಗಿತು. ನಾನು ಎಣಿಸುತ್ತಿದ್ದೆ. ನಲವತ್ತರ ಆಚೆ ಎಣಿಕೆ ತಪ್ಪಿತು, ಯಾಕೆಂದರೆ ನಾನೂ ಬಲೂನು ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಹುಡುಗ ಉಪಾಯ ಕಂಡುಕೊಂಡ. ಭುಜ ಎತ್ತುವ ಬದಲು ಸೊಂಟದಿಂದ ಇಡೀ ಮೈಯನ್ನು ವಾಲಿಸಿದರೂ ಬಲೂನು ಒಡೆಯುತ್ತಿತ್ತು. ಯಂತ್ರ ಅಂಕ ಕೊಡುತ್ತಲೇ ಹೋಯಿತು. ಥೆರಪಿಸ್ಟ್ ಬೈಯಲಿಲ್ಲ. ಅವನ ಬೆನ್ನಿಗೂ ಕುರ್ಚಿಗೂ ನಡುವೆ ಒಂದು ಪುಟ್ಟ ದಿಂಬು ಇಟ್ಟು, "ದಿಂಬು ಬಿದ್ದರೆ ಐದು ಅಂಕ ವಾಪಸ್" ಅಂದರು. ಹುಡುಗ ಒಂದು ಗಳಿಗೆ ಯೋಚಿಸಿ, "ಹಾಗಾದರೆ ನಿಮಗೂ ದಿಂಬು" ಅಂದ. ಇಬ್ಬರೂ ಆಡಿದರು. ಥೆರಪಿಸ್ಟಿನ ದಿಂಬು ಎರಡು ಸಲ ಬಿತ್ತು.

ನೀವು ಕೇಳುವ ಶಿಸ್ತು ಇದೇ ಅಲ್ಲವೇ ಮೇಷ್ಟ್ರೇ? ನೆಟ್ಟಗೆ ಕೂರು ಎಂದು ಯಾರೂ ಹೇಳಲಿಲ್ಲ, ಹುಡುಗ ನೆಟ್ಟಗೆ ಕೂತ.

ಆ ಕೋಣೆಯಲ್ಲೇ ಇನ್ನೊಂದನ್ನೂ ಕಲಿತೆ. ವೀ ಟೆನಿಸ್‌ನಲ್ಲಿ ತೋಳು ಬೀಸಬೇಕಿಲ್ಲ, ಮಣಿಕಟ್ಟನ್ನು ಚಟಕ್ಕನೆ ತಿರುಗಿಸಿದರೂ ಚೆಂಡು ಹೋಗುತ್ತದೆ. 2010ರಲ್ಲಿ ಬಂದ, ಆಡುವವರ ಮೈಯ ಚಲನೆಯನ್ನೇ ನೋಡಿ ಆಟ ನಡೆಸುವ ಕಿನೆಕ್ಟ್ ಕ್ಯಾಮೆರಾ, ಮಗುವನ್ನು ಹಿಂದಿನಿಂದ ಹಿಡಿದು ನಿಂತ ಅಮ್ಮನ ಕೈಯನ್ನೇ ಮಗುವಿನ ಕೈ ಅಂದುಕೊಳ್ಳುವುದೂ ಉಂಟು. ಮಾರುಕಟ್ಟೆಯ ಆಟಗಳ ವೇಗ ಬೇರೆ ಮಕ್ಕಳಿಗೆ ಹೊಲಿದ ಅಂಗಿ. ಹಾಗಾಗಿ ಯಾವ ಆಟ, ಯಾವ ವೇಗ, ಎಲ್ಲಿ ಕೂರಿಸಬೇಕು, ಎಲ್ಲಿ ದಿಂಬು ಇಡಬೇಕು ಎಂದು ನೋಡುವ ಕಣ್ಣೊಂದು ಪಕ್ಕದಲ್ಲಿರಲೇಬೇಕು. ಮೊಮ್ಮಗಳನ್ನು ಪರದೆಯ ಮುಂದೆ ಬಿಟ್ಟು ಥೆರಪಿಸ್ಟ್ ಫೋನ್ ನೋಡುತ್ತಿದ್ದರೆ ಜಗಳ ಮಾಡಿ, ನಾನೂ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅಂಥ ದೂರಿಲ್ಲ. ಮಗು ನಗುತ್ತಿದೆ ಎಂಬುದೊಂದೇ ದೂರು.

ಕೈ ಬಿಗಿಯಾಗಿ ಕಂಡರೂ ಪೆಟ್ಟು ಬಿದ್ದಿರುವುದು ಬೆಳೆಯುತ್ತಿದ್ದ ಮೆದುಳಿಗೆ. ಆ ಪೆಟ್ಟು ಹೆಚ್ಚುತ್ತಾ ಹೋಗುವುದಿಲ್ಲ, ಅದರ ಪರಿಣಾಮ ಮಾತ್ರ ಮಗುವಿನ ಜೊತೆಗೇ ಬೆಳೆಯುತ್ತದೆ. ಒಂದು ಕೈ ಚೆನ್ನಾಗಿರುವ ಮಗು ಎಲ್ಲವನ್ನೂ ಅದರಲ್ಲೇ ಮುಗಿಸುತ್ತದೆ, ಇನ್ನೊಂದು ಕೈ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಅದನ್ನು ಮತ್ತೆ ಲೆಕ್ಕಕ್ಕೆ ತರಲು ನೂರಾರು, ಸಾವಿರಾರು ಸಲದ ಬಳಕೆ ಬೇಕು, ಅದೂ ಮಗು ತಾನಾಗಿ ಬಯಸಿ ಮಾಡುವ ಬಳಕೆ. ಹಾಡ್ತಾ ಹಾಡ್ತಾ ರಾಗ. ಆದರೆ ಹಾಡುವ ಮನಸ್ಸನ್ನು ಎಲ್ಲಿಂದ ತರುತ್ತೀರಿ?

2013ರಲ್ಲಿ ಆಸ್ಟ್ರೇಲಿಯಾದ ಐಯೋನಾ ನೋವಾಕ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿಗೆ ಕೊಡುವ ಚಿಕಿತ್ಸೆಗಳನ್ನೆಲ್ಲ ಜಾಲಾಡಿ, ಟ್ರಾಫಿಕ್ ದೀಪದಂತೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದರು. ಮಗುವಿಗೆ ಬೇಕಾದ ಗುರಿ ಇಟ್ಟುಕೊಂಡು ಮಾಡಿಸುವ ಅಭ್ಯಾಸ, ಎರಡೂ ಕೈ ಬಳಸುವ ತರಬೇತಿ, ಮನೆಯಲ್ಲಿ ಮುಂದುವರಿಸುವ ಅಭ್ಯಾಸ ಹಸಿರಿನಲ್ಲಿದ್ದವು. ದಶಕಗಳಿಂದ ನಡೆದು ಬಂದಿದ್ದ, ಥೆರಪಿಸ್ಟ್ ಮಗುವಿನ ಮೈ ಹಿಡಿದು ಚಲನೆ ತಿದ್ದುವ ಪ್ರಸಿದ್ಧ ಪದ್ಧತಿ ಕೆಂಪಿಗೆ ಬಿತ್ತು. ಆ ಪಟ್ಟಿ ಓದಿದ ದಿನ ನನಗೆ ಒಳಗೊಳಗೇ ಖುಷಿಯಾಗಿದ್ದು ಸುಳ್ಳಲ್ಲ.

ಅದಕ್ಕೂ ಹಿಂದಿನ ಕಥೆಯೊಂದು ನನಗೆ ಇನ್ನೂ ಪ್ರಿಯ. ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಪ್ರಯೋಗಾಲಯದ ಕೆಲವು ಇಲಿಗಳನ್ನು ಮನೆಗೆ ಒಯ್ದು, ಮಕ್ಕಳ ಜೊತೆ ಸಾಕುಪ್ರಾಣಿಗಳಂತೆ ಬೆಳೆಸಿದರು. ಪಂಜರದಲ್ಲಿ ಬೆಳೆದವುಗಳಿಗಿಂತ ಮನೆಯಲ್ಲಿ ಓಡಾಡಿಕೊಂಡು ಬೆಳೆದವು ಪರೀಕ್ಷೆಯಲ್ಲಿ ಮುಂದಿದ್ದವು ಎಂದು 1947ರಲ್ಲಿ ವರದಿ ಮಾಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ. ಇಲ್ಲಿ ಚೆಲ್ಲಾಟವೆಲ್ಲ ಇಲಿಗಳದ್ದೇ. ಇಲಿಗೆ ಸಿಕ್ಕ ರಿಯಾಯಿತಿ ಮೊಮ್ಮಗಳಿಗೂ ಸಿಗಬಾರದೇ?

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿರುವುದು ಪೂರ್ತಿ ಬಂದಿಲ್ಲ. ಆಟದಿಂದ ಕೈ ಸುಧಾರಿಸುತ್ತದೆ, ಆದ್ದರಿಂದ ಆಟ ಒಳ್ಳೆಯದು ಎಂದು ವಾದಿಸುತ್ತಾ ಬಂದೆ. ಈ 'ಆದ್ದರಿಂದ'ವೇ ನನಗೆ ಇರುಸುಮುರುಸು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕು ಅನ್ನುತ್ತದೆ. ಭುಜ ಮೇಲೇರಿದರೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ. 2012ರಲ್ಲಿ ಕೆನಡಾದ ಪೀಟರ್ ರೋಸೆನ್‌ಬಾಮ್ ಮತ್ತು ಯಾನ್ ವಿಲೆಮ್ ಹೋರ್ಟರ್ ಎಂಬ ಇಬ್ಬರು ವೈದ್ಯರು, ಅಂಗವೈಕಲ್ಯವಿರುವ ಮಗುವಿನ ಬಗ್ಗೆ ಯೋಚಿಸುವಾಗ ಆರು ಸಂಗತಿ ನೆನಪಿರಲಿ ಎಂದು ಬರೆದರು. ಚಟುವಟಿಕೆ, ಕುಟುಂಬ, ದೇಹಕ್ಷಮತೆ, ಗೆಳೆಯರು, ಭವಿಷ್ಯಗಳ ಸಾಲಿನಲ್ಲೇ ಮೋಜನ್ನೂ ಕೂರಿಸಿದರು. ವೈದ್ಯರು ಮೋಜಿಗೆ ಕುರ್ಚಿ ಹಾಕಿಕೊಟ್ಟರು, ನಾವು ಮೇಷ್ಟ್ರುಗಳೂ ಸಂಪಾದಕರೂ ಇನ್ನೂ ಬಾಗಿಲು ಕಾಯುತ್ತಿದ್ದೇವೆ.

ಈ ಮಕ್ಕಳ ದಿನಚರಿ ನೋಡಿದ್ದೀರಲ್ಲ. ಸ್ಟ್ರೆಚಿಂಗ್, ಸ್ಪ್ಲಿಂಟ್, ನಿಲ್ಲಿಸುವುದು, ಮತ್ತೆ ಸ್ಟ್ರೆಚಿಂಗ್. ಮಣಿ ಪೋಣಿಸಿದರೆ ಅದು ಬೆರಳಿಗೆ, ಬಣ್ಣ ಹಚ್ಚಿದರೆ ಮಣಿಕಟ್ಟಿಗೆ, ಗುಳ್ಳೆ ಊದಿದರೆ ತುಟಿಗೆ. ಬೇರೆ ಮಕ್ಕಳು ಸುಮ್ಮನೆ ಊದುವ ಗುಳ್ಳೆಯನ್ನು ಇವರು ಫೈಲಿಗಾಗಿ ಊದುತ್ತಾರೆ.

ಬೇರೆ ಮಕ್ಕಳ ಪಾಡೂ ಈಗ ಭಾರಿ ಬೇರೆಯೇನಲ್ಲ. ಪರೀಕ್ಷೆ ಹತ್ತಿರ ಬಂದಾಗ ಆಟದ ಪೀರಿಯಡ್ಡು ಯಾರ ಪಾಲಾಗುತ್ತದೆ? ನಮ್ಮ ಶಾಲೆಯಲ್ಲಂತೂ ಗಣಿತದ ಮೇಷ್ಟ್ರ ಪಾಲಾಗುತ್ತಿತ್ತು. ಮೈದಾನಕ್ಕೆ ಹೊರಟಿದ್ದ ನಮ್ಮನ್ನು ಬಾಗಿಲಲ್ಲೇ ತಡೆದು ಬೋರ್ಡಿನ ಮೇಲೆ ಬರೆಸಿದ ಲಸಾಅ, ಮಸಾಅಗಳಲ್ಲಿ ಒಂದೂ ಈಗ ನೆನಪಿಲ್ಲ. ಕಿಟಕಿಯಾಚೆ ಇನ್ನೊಂದು ಸೆಕ್ಷನ್ನಿನವರು ಆಡುತ್ತಿದ್ದ ಸದ್ದು ನೆನಪಿದೆ. ಮೂವತ್ತಾರು ವರ್ಷದಲ್ಲಿ ಅಂಥ ಪೀರಿಯಡ್ಡು ನೀವೆಷ್ಟು ತೆಗೆದುಕೊಂಡಿರಬಹುದು ಎಂದು ಕೇಳುವುದಿಲ್ಲ. ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಬರುತ್ತದೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಒಂದೇ ಸಾಲು: "ನನ್ನನ್ನೂ ಆಟಕ್ಕೆ ಕರೆಯುತ್ತಾಳೆ, ನಾನು ಹೋಗುವುದಿಲ್ಲ." ಈ ಸಲ ಹೋಗಿ. ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಕೂತು, ಅವಳ ಹಾಗೆ ನಿಮಗೆ ರೂಢಿಯಿಲ್ಲದ ಕೈಯಲ್ಲೇ ಆಡಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಥೆರಪಿಯ ವಿಚಾರ ಬೇಡ, ಎಷ್ಟು ಅಂಕದಿಂದ ಸೋತಿರಿ ಎಂಬುದಷ್ಟೇ ಸಾಕು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.