ಒಳಗಿವಿಯ ಉರಿಯೂತ: ತಲೆಸುತ್ತಿನ ಮಾತ್ರೆ ಎಷ್ಟು ದಿನ?

ಪ್ರಶ್ನೆ: ಎರಡು ತಿಂಗಳ ಹಿಂದೆ ನೆಗಡಿ, ಜ್ವರ ಬಿಟ್ಟ ವಾರದಲ್ಲೇ ವಿಪರೀತ ತಲೆಸುತ್ತು, ವಾಂತಿಯಾಗಿ ಮೂರು ದಿನ ಏಳಲಾಗಲಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ತೊಂದರೆ ಕಾಣದೆ, ಒಳಗಿವಿಯ ಉರಿಯೂತ ಎಂದರು. ಕಿವಿ ಚೆನ್ನಾಗಿ ಕೇಳುತ್ತಿದೆ. ಅಂದಿನಿಂದ ಮಾತ್ರೆ ತಪ್ಪಿಸಿಲ್ಲ. ಆದರೂ ನಡೆಯುವಾಗ ಓಲಾಡಿದಂತಾಗುತ್ತದೆ. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲೇ?

ಉತ್ತರ: ಪ್ರತಿ ವಾರವೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಮಾತ್ರೆ ಮುಂದುವರಿದೇ ಇರುತ್ತದೆ. ನಿಮಗೆ ಆದದ್ದು ಬಹುಶಃ ಸಮತೋಲನದ ನರದ ಉರಿಯೂತ. ಶ್ರವಣವೂ ಕುಗ್ಗಿದ್ದರೆ ಅದನ್ನು ಲ್ಯಾಬಿರಿಂಥೈಟಿಸ್ ಎನ್ನುತ್ತೇವೆ. ಎರಡನ್ನೂ ಸಿ.ಟಿ. ತೋರಿಸುವುದಿಲ್ಲ. ತಲೆ ಸುತ್ತುತ್ತಿರುವಾಗಲೇ ರೋಗಿಯ ತಲೆಯನ್ನು ಥಟ್ಟನೆ ಪಕ್ಕಕ್ಕೆ ಹೊರಳಿಸಿ ನೋಟ ಗುರಿಯಲ್ಲೇ ನಿಲ್ಲುತ್ತದೆಯೇ, ಕಣ್ಣುಗುಡ್ಡೆಗಳ ಅದುರಾಟ ಒಂದೇ ದಿಕ್ಕಿಗಿದೆಯೇ, ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದಾಗ ಅದು ಮೇಲೆ ಕೆಳಗೆ ಸರಿಯುತ್ತದೆಯೇ ಎಂದು ಪರೀಕ್ಷಿಸಬೇಕು. ನೋಟ ಗುರಿ ತಪ್ಪಿ ಹಿಂದಿರುಗಿದರೆ ಕಿವಿಯ ಕಡೆಯ ದೋಷ. ತಲೆ ಎಡೆಬಿಡದೆ ಸುತ್ತುತ್ತಿದ್ದರೂ ನೋಟ ಅಲುಗದೆ ನಿಂತರೆ ಪಾರ್ಶ್ವವಾಯುವಿನ ಶಂಕೆ ಬರಬೇಕು. ಪಳಗಿದ ಕೈಯಲ್ಲಿ ಈ ಪರೀಕ್ಷೆ ಮೊದಲೆರಡು ದಿನಗಳ ಎಂ.ಆರ್.ಐ.ಗಿಂತ ಹೆಚ್ಚು ಭರವಸೆಯದು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೇ ತೋರಿಸಿದೆ. ಮಾತು ತೊದಲುವುದು, ಎರಡೆರಡು ಕಾಣುವುದು, ಆಸರೆಯಿಲ್ಲದೆ ಕೂರಲಾಗದಿರುವುದು ಇವುಗಳಲ್ಲಿ ಒಂದಿದ್ದರೂ ಕಿವಿಯ ವೈದ್ಯರಿಗಾಗಿ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಇನ್ನು ಮಾತ್ರೆಯ ವಿಷಯ. ಪ್ರೋಕ್ಲೋರ್‌ಪೆರಜಿನ್, ಸಿನಾರಿಜಿನ್‌ನಂಥವು ವಾಂತಿ ಉಗ್ರವಾಗಿರುವ ಮೊದಲ ಎರಡು ಮೂರು ದಿನಗಳಿಗೆ ಮಾತ್ರ. ಒಂದು ಕಿವಿಯ ಸಂಕೇತ ಕುಂದಿದಾಗ ಅದನ್ನು ಸರಿದೂಗಿಸಲು ಮಿದುಳು ಕಲಿಯಬೇಕು, ಮತ್ತು ಆ ಕಲಿಕೆಯನ್ನೇ ಈ ಔಷಧಗಳು ತಡೆಯುತ್ತವೆ. ತಿಂಗಳುಗಟ್ಟಲೆ ನುಂಗಿದ ಹಿರಿಯರಲ್ಲಿ ಕೈನಡುಕ, ಮೈಬಿಗಿತ ಕಾಣಿಸಿಕೊಂಡು ಪಾರ್ಕಿನ್ಸನ್ ಕಾಯಿಲೆಯೇ ಬಂದಂತೆ ಆಗುವುದುಂಟು. ಹಳೆಯ ಚೀಟಿ ತೋರಿಸಿದೊಡನೆ ಪ್ರಶ್ನಿಸದೆ ಕೊಡುವ ಅಂಗಡಿಗಳ ಮೇಲೆ ನನಗೆ ಸಿಟ್ಟಿದೆ. ವೈದ್ಯರನ್ನು ಕಂಡು ಮಾತ್ರೆ ನಿಲ್ಲಿಸಿ, ವ್ಯಾಯಾಮ ಆರಂಭಿಸಿ: ಚಾಚಿದ ಹೆಬ್ಬೆರಳಿನ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಎಡಬಲಕ್ಕೆ ಆಡಿಸುವುದು, ಗೋಡೆಯ ಪಕ್ಕದಲ್ಲಿ ತಲೆ ಹೊರಳಿಸುತ್ತಾ ನಡೆಯುವುದು. ಮೊದಮೊದಲು ತಲೆಸುತ್ತು ಹೆಚ್ಚುತ್ತದೆ, ಹೆಚ್ಚಿತೆಂದು ಬಿಡಬಾರದು. ಓಲಾಟ ನಿಲ್ಲುವವರೆಗೆ ದ್ವಿಚಕ್ರ ವಾಹನ, ಏಣಿ ಎರಡೂ ಬೇಡ.

ಪ್ರಶ್ನೆ: ಮಗ್ಗುಲು ಬದಲಿಸಿದಾಗ ಅರ್ಧ ನಿಮಿಷ ತಲೆ ಸುತ್ತುತ್ತದೆ. ಇದೂ ಉರಿಯೂತವೇ?

ಉತ್ತರ: ಅಲ್ಲ, ಒಳಗಿವಿಯ ಸಣ್ಣ ಹರಳುಗಳು ಜಾರಿರಬಹುದು, ಪರೀಕ್ಷಿಸಿ, ತಲೆಯನ್ನು ಕ್ರಮವಾಗಿ ಹೊರಳಿಸಿ ಅವನ್ನು ಸ್ವಸ್ಥಾನಕ್ಕೆ ಕಳಿಸಬಹುದು.

ಪ್ರಶ್ನೆ: ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬಹುದೇ?

ಉತ್ತರ: ಬೇಡ. ಎಣ್ಣೆ ತಮಟೆ ದಾಟಿ ಒಳಗಿವಿಗೆ ಹೋಗುವುದಿಲ್ಲ, ತಮಟೆ ತೂತಾಗಿದ್ದರೆ ಹೋಗಬಾರದು.

ಪ್ರಶ್ನೆ: ವರ್ಷಗಳಿಂದ ಕಿವಿ ಸೋರುತ್ತಿದೆ, ಈಗ ತಲೆಸುತ್ತೂ ಸೇರಿದೆ.

ಉತ್ತರ: ಸೋಂಕು ಮೂಳೆ ಕೊರೆದು ಒಳಗಿವಿಯನ್ನು ಮುಟ್ಟಿರಬಹುದು, ಅಲ್ಲಿಂದ ಮಿದುಳಿನ ಪೊರೆಗೂ ಹಬ್ಬಬಹುದು. ಇಂದೇ ಕಿವಿ ತಜ್ಞರಿಗೆ ತೋರಿಸಿ.