ಬಸ್ಸಿನ ಪ್ರಚಾರ ಮಾಡುವವಳ ಸ್ಕೂಟರ್

ಮಳೆಗಾಲದಲ್ಲಿ ನನ್ನ ಬಳಿ ಆಪ್ತಸಲಹೆಗೆ ಬಂದ ಹುಡುಗಿಯೊಬ್ಬಳ ಪ್ರಕರಣ ಇದು. ಗುರುತು ಸಿಗಬಾರದೆಂದು ಊರು, ಮನೆ, ಕಚೇರಿಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ವಯಸ್ಸು ಇಪ್ಪತ್ನಾಲ್ಕು. ಪತ್ರಿಕೋದ್ಯಮದಲ್ಲಿ ಎಂ.ಎ. ಮಂಗಳೂರಿನ ಸಣ್ಣ ಪ್ರಚಾರ ಸಂಸ್ಥೆಯೊಂದರಲ್ಲಿ ಮೊದಲ ಕೆಲಸ. ಜನ ಸ್ವಂತ ಗಾಡಿ ಬಿಟ್ಟು ಬಸ್ ಹತ್ತಬೇಕು ಎಂಬ ಅಭಿಯಾನವನ್ನು ಇವಳಿಗೆ ವಹಿಸಿದ್ದರು. ಪೋಸ್ಟರ್, ರೀಲ್ಸ್, ಕಾಲೇಜುಗಳಲ್ಲಿ ಹೋಗಿ ಮಾತಾಡುವುದು, ಬಂದ ಮೆಸೇಜುಗಳಿಗೆ ಉತ್ತರ ಕೊಡುವುದು ಎಲ್ಲ ಅವಳದೇ. ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರದ ಮೀಟಿಂಗ್ ಅಂದರೆ ಹೊಟ್ಟೆ ತೊಳಸುತ್ತದೆ, ಫೋನ್ ಸದ್ದಾದರೆ ಎದೆ ಧಸಕ್ ಎನ್ನುತ್ತದೆ. "ನನಗೆ ಕಾನ್ಫಿಡೆನ್ಸ್ ಕಡಿಮೆ ಮೇಡಂ, ಅದೊಂದು ಸರಿ ಮಾಡಿಕೊಡಿ" ಎಂದಳು.

ಕಾನ್ಫಿಡೆನ್ಸ್ ಕಡಿಮೆ ಇದ್ದವಳ ಹಾಗೆ ನನಗೆ ಕಾಣಲಿಲ್ಲ. ಮಾತು ಸ್ಪಷ್ಟ, ಕೆಲಸದ ಬಗ್ಗೆ ಕೇಳಿದರೆ ಕಣ್ಣು ಅರಳುತ್ತಿತ್ತು. ಮನೆಗೆ ಹೋಗಿ ಬರುವುದು ಹೇಗೆ ಎಂದು ಕೇಳಿದಾಗ ಮಾತ್ರ ತಡವರಿಸಿದಳು.

ಅವಳ ಮನೆ ಬಜಪೆ ಕಡೆಯ ಒಳರಸ್ತೆಯಲ್ಲಿ ಅಂದುಕೊಳ್ಳಿ. ಸಂಜೆ ಕೆಲಸ ಮುಗಿಯುವಾಗ ಎಂಟು ಗಂಟೆ. ಆ ಹೊತ್ತಿಗೆ ಆ ಕಡೆಗೆ ಬಸ್ಸು ಸಿಕ್ಕಿದರೆ ಸಿಕ್ಕಿತು. ಟ್ರಿಪ್ ಕಟ್ ಆದರೆ ಮುಗಿಯಿತು, ರಿಕ್ಷಾಕ್ಕೆ ದುಡ್ಡು ಸುರಿಯಬೇಕು. ಹಾಗಾಗಿ ಸಾಲ ಮಾಡಿ ಸ್ಕೂಟರ್ ತೆಗೆದುಕೊಂಡಿದ್ದಳು. ಆದರೆ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕಂಕನಾಡಿಯ ಒಂದು ಓಣಿಯಲ್ಲಿ ಸ್ಕೂಟರ್ ನಿಲ್ಲಿಸುವುದು, ಹೆಲ್ಮೆಟ್ಟನ್ನು ಬಟ್ಟೆ ಅಂಗಡಿಯ ದೊಡ್ಡ ಚೀಲಕ್ಕೆ ತುರುಕುವುದು, ಒತ್ತಿಹೋದ ಕೂದಲನ್ನು ಮೊಬೈಲ್ ನೋಡಿ ಎಬ್ಬಿಸುವುದು, ಅಲ್ಲಿಂದ ಬೆಂದೂರ್‌ವೆಲ್ ಆಫೀಸಿನವರೆಗೆ ನಡೆಯುವುದು. ಬಸ್ಸಿನಲ್ಲಿ ಬಂದವರ ಹಾಗೆ ಕಾಣಬೇಕಲ್ಲ! ಬೇಸಿಗೆಯಲ್ಲಿ ಹೇಗೋ ನಡೆಯಿತು. ಜೂನ್ ಬಂತು. ನಮ್ಮೂರ ಮಳೆಗೆ ಸ್ಕೂಟರಿನವರಿಗೆ ಕೊಡೆ ಸಾಲುವುದಿಲ್ಲ, ರೈನ್‌ಕೋಟಿನ ಜೊತೆ ಪ್ಯಾಂಟೂ ಬೇಕು. ಒಂದು ದಿನ ಆ ಒದ್ದೆ ಪ್ಯಾಂಟು ಚೀಲದಿಂದ ಜಾರಿ ಆಫೀಸಿನ ನೆಲದ ಮೇಲೆ ಬಿತ್ತು. "ಬಸ್ಸಲ್ಲಿ ಬರುವವರಿಗೆ ಇದು ಎಂತಕ್ಕೆ ಮಾರಾಯ್ತಿ?" ಎಂದು ಜೊತೆಗಿದ್ದವಳು ತಮಾಷೆಗೆ ಕೇಳಿದಳು. ಎಲ್ಲರೂ ನಕ್ಕರು. ಇವಳು ಬಾತ್‌ರೂಮಿಗೆ ಹೋಗಿ ಅತ್ತಳು. ಆ ವಾರವೇ ನನಗೆ ಫೋನ್ ಮಾಡಿದ್ದು.

ಇನ್ನೊಂದು ಕಡೆಯಿಂದ ಬಂಧುಗಳು. ಮೆಹಂದಿಗೆ ಹೋದರೆ ದೊಡ್ಡಮ್ಮ, "ನಿನ್ನ ಬಸ್ಸು ನಿನ್ನೆ ಪಂಪ್‌ವೆಲ್‌ನಲ್ಲಿ ನಿಲ್ಲಿಸಲೇ ಇಲ್ಲ" ಎಂದು ಶುರು. ಮಾವನಿಗೆ ಕರ್ಕಶ ಹಾರ್ನಿನ ಸಿಟ್ಟು. ಅತ್ತೆಗೆ, "ಬೆಂಗಳೂರಲ್ಲಿ ಫ್ರೀ, ಇಲ್ಲಿ ಯಾಕಿಲ್ಲ?" ಅದಕ್ಕೆ ಉತ್ತರ ಇವಳಿಗೆ ಬಾಯಿಪಾಠ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಸಾರಿಗೆ ನಿಗಮಗಳ ಬಸ್ಸುಗಳಿಗೆ ಮಾತ್ರ, ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಐಸ್‌ಕ್ರೀಮಿನ ಕಡೆ ಹೋಗಿರುತ್ತಾರೆ. ಜನರಿಗೆ ಉತ್ತರ ಬೇಕಿರುವುದಿಲ್ಲ, ಬೈಯಲು ಒಂದು ಮುಖ ಬೇಕು. ಬಸ್ಸಿನ ಬಗ್ಗೆ ಮಾತಾಡುವ ಮುಖ ಅಂತ ಊರಿಗೆ ಸಿಕ್ಕಿದ್ದು ಇವಳದು ಒಂದೇ.

ಇಲ್ಲಿ ನನಗೆ ಕಂಡದ್ದು ಇಷ್ಟು. ತಾನು ಓಡಿಸದ ಬಸ್ಸಿನ ಪರವಾಗಿ ಅವಳು ಮಾತು ಕೊಡುತ್ತಿದ್ದಳು. ಮಾತು ತಪ್ಪಿದಾಗಲೆಲ್ಲ ತಾನೇ ಸುಳ್ಳು ಹೇಳಿದಂತೆ ಕುಗ್ಗುತ್ತಿದ್ದಳು. ಇಂಥವರಿಗೆ "ತಲೆಗೆ ಹಚ್ಚಿಕೊಳ್ಳಬೇಡ" ಎಂದರೆ ಏನೂ ಆಗುವುದಿಲ್ಲ. ಮನೆಯವರು ಅದನ್ನೇ ಹೇಳಿ ಹೇಳಿ ಸಾಕಾಗಿತ್ತು. ಕೊಡುವ ಮಾತನ್ನೇ ಚಿಕ್ಕದು ಮಾಡಬೇಕು.

ನಿದ್ದೆಗೆ ಬೇಕಾದ ಮಾಮೂಲಿ ಸಲಹೆ ಕೊಟ್ಟೆ. ರಾತ್ರಿ ಒಂಬತ್ತರ ನಂತರ ಆಫೀಸಿನ ಖಾತೆಗಳಿಂದ ಲಾಗ್ ಔಟ್, ಫೋನ್ ಬೇರೆ ಕೋಣೆಯಲ್ಲಿ. ಎರಡು ವಾರದಲ್ಲಿ ಸರಿಯಾಗದಿದ್ದರೆ ವೈದ್ಯರನ್ನು ನೋಡಬೇಕು ಎಂದೂ ಹೇಳಿದ್ದೆ. ಅಷ್ಟು ದೂರ ಹೋಗಲಿಲ್ಲ.

ಮುಂದಿನ ಸಲ ಬರುವಾಗ ಬಂದ ದೂರುಗಳ ಪ್ರಿಂಟ್ ತರಲು ಹೇಳಿದೆ. ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಒಂದೊಂದಕ್ಕೂ ಒಂದೇ ಪ್ರಶ್ನೆ: ಇದನ್ನು ಸರಿ ಮಾಡುವ ಅಧಿಕಾರ ಯಾರಿಗಿದೆ? ಬಸ್ ತಂಗುದಾಣ ಸೋರುತ್ತದೆ, ಅದು ಮಹಾನಗರಪಾಲಿಕೆ. ಪರ್ಮಿಟ್ ಇದ್ದೂ ರಾತ್ರಿ ಟ್ರಿಪ್ ತಪ್ಪಿಸುತ್ತಾರೆ, ಅದು ಆರ್‌ಟಿಒ. ಹೊಸ ರೂಟ್ ಬೇಕು, ಟೈಮಿಂಗ್ ಬದಲಾಗಬೇಕು ಅಂದರೆ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಚಿಲ್ಲರೆ ಕೊಡಲಿಲ್ಲ, "ಪಿರ ಪೋಲೆ" (ಹಿಂದೆ ಹೋಗಿ) ಎಂದು ತುಳುವಿನಲ್ಲಿ ಗದರಿಸಿದರು ಎಂಬುದು ಬಸ್ ಮಾಲೀಕರ ತಲೆನೋವು. ಕೊನೆಗೆ ಅವಳ ಪಾಲಿಗೆ ಉಳಿದದ್ದು ತೆಳ್ಳಗಿನ ಒಂದು ಕಟ್ಟು. ಒಂದು ಪೋಸ್ಟರಿನಲ್ಲಿ ಬಸ್ ನಂಬರ್ ತಪ್ಪಾಗಿತ್ತು. ಅದನ್ನು ಅವತ್ತೇ ಅಲ್ಲೇ ಕೂತು ಸರಿ ಮಾಡಿ ಕಳಿಸಿದಳು. ಉಳಿದ ಕಟ್ಟುಗಳನ್ನು ಸುಮ್ನೆ ಎಸೆಯುವುದು ಬೇಡ, ಪ್ರತಿ ವಾರ ವಿಂಗಡಿಸಿ ಅಭಿಯಾನದ ದುಡ್ಡು ಕೊಡುವವರಿಗೆ ಕಳಿಸು, ಇದೂ ನಿನ್ನ ಕೆಲಸದ ಭಾಗ ಎಂದು ಬಾಸ್ ಹತ್ತಿರ ಬರೆಸಿಕೋ ಎಂದೆ.

ಪೋಸ್ಟರಿನ ಮಾತುಗಳ ಮೇಲೆ ಜಾಸ್ತಿ ಹೊತ್ತು ಹೋಯಿತು. ಆಪ್ತಸಲಹೆಗಾರ್ತಿಗೆ ಇದೆಲ್ಲ ಯಾಕೆ ಅನಿಸಬಹುದು. ಆದರೆ ಅವಳ ಹೊಟ್ಟೆ ತೊಳಸುತ್ತಿದ್ದದ್ದು ಆ ಮಾತುಗಳಿಂದಲೇ. "ಮಾಲಿನ್ಯವೇ ಇಲ್ಲದ ಪ್ರಯಾಣ" ಎಂದು ಡೀಸೆಲ್ ಬಸ್ಸಿನ ಚಿತ್ರದ ಕೆಳಗೆ ಬರೆಸಿದ್ದರು. ಅವಳಿಗೇ ಲೆಕ್ಕ ಹಾಕಲು ಹೇಳಿದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್, ಪೆಟ್ರೋಲ್ ಆದರೆ ಸುಮಾರು 2.3 ಕಿಲೋ. ಸಿಟಿ ಬಸ್ ಲೀಟರಿಗೆ ನಾಲ್ಕು ಕಿ.ಮೀ. ಓಡುತ್ತದೆ ಎಂದುಕೊಂಡರೆ, 40 ಜನ ಇದ್ದಾಗ ಒಬ್ಬರ ಪಾಲಿಗೆ ಕಿ.ಮೀ.ಗೆ 17 ಗ್ರಾಂ. ಒಬ್ಬರೇ ಕೂತ ಕಾರು 15 ಮೈಲೇಜ್ ಕೊಟ್ಟರೂ 150 ಗ್ರಾಂ ದಾಟುತ್ತದೆ. 45 ಕೊಡುವ ಸ್ಕೂಟರ್ 51 ಗ್ರಾಂ. ಅದೇ ಬಸ್ಸಿನಲ್ಲಿ ಐದೇ ಜನ ಇದ್ದರೆ? ತಲೆಗೆ 135 ಗ್ರಾಂ. ಸ್ಕೂಟರೇ ವಾಸಿ! ಅವಳು ಕ್ಯಾಲ್ಕುಲೇಟರ್ ಹಿಡಿದು, "ಅಂದ್ರೆ ತುಂಬಿದ ಬಸ್ಸು ಒಳ್ಳೆಯದು ಅಂತ ಧೈರ್ಯವಾಗಿ ಹೇಳಬಹುದು ಅಲ್ವಾ ಮೇಡಂ?" ಎಂದಳು. ಹೇಳಬಹುದು. ಮಾಲಿನ್ಯವೇ ಇಲ್ಲ ಎನ್ನುವಂತಿಲ್ಲ.

ಕಾನೂನೂ ಅವಳ ಪರವಾಗಿತ್ತು. ಆಧಾರ ಇಲ್ಲದ ಪರಿಸರದ ಹೇಳಿಕೆಗಳ ಬಗ್ಗೆ ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆ ಆಸ್ಕಿಯ ನಿಯಮಗಳು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದವು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಮಾರ್ಗಸೂಚಿ ಹೊರಡಿಸಿತು. ಸೋಮವಾರದ ಮೀಟಿಂಗಿಗೆ ಹೋಗುವಾಗ ಜಗಳದ ದನಿ ಬೇಡ, ಒಂದು ಪ್ರಶ್ನೆ ಸಾಕು ಎಂದೆ: "ಸರ್, ಈ ಮಾತಿಗೆ ಆಧಾರ ಕೇಳಿದರೆ ನಮ್ಮ ಹತ್ತಿರ ಎಂತ ಉಂಟು?" ನನ್ನ ಮುಂದೆ ನಾಲ್ಕೈದು ಸಲ ಹೇಳಿ ನೋಡಿದಳು. ಮೊದಲೆರಡು ಸಲ ಕ್ಷಮೆ ಕೇಳುವ ಹಾಗಿತ್ತು.

ಸ್ಕೂಟರಿನ ಗುಟ್ಟು ಬಿಡಲು ಮಾತ್ರ ತುಂಬ ಹಿಂಜರಿದಳು. "ಬಸ್ ಹತ್ತಿ ಅಂತ ಹೇಳುವವಳೇ ಹತ್ತದಿದ್ರೆ ಹೇಗೆ?" 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಬಿಎಂಟಿಸಿ 'ಬಸ್ ದಿನ' ಶುರು ಮಾಡಿದ್ದನ್ನು ನೆನಪಿಸಿದೆ. ತಿಂಗಳ ನಾಲ್ಕನೇ ತಾರೀಖು ಒಂದು ದಿನ ಬಸ್ಸಿನಲ್ಲಿ ಬನ್ನಿ ಎಂದು ಕೇಳಿದ್ದರು. ಅಷ್ಟು ದೊಡ್ಡ ಸಂಸ್ಥೆಯೇ ಜನರಿಂದ ಕೇಳಿದ್ದು ತಿಂಗಳಿಗೆ ಒಂದು ದಿನ. ನೀನು ನಿನ್ನಿಂದ ಮುನ್ನೂರ ಅರವತ್ತೈದು ದಿನ ಕೇಳುತ್ತಿದ್ದೀಯಲ್ಲ ಎಂದೆ. ಬೆಳಿಗ್ಗೆ ಬಸ್ಸು ಸಿಗುವ ದಿನ ಬಸ್ಸು, ತಡವಾಗುವ ದಿನ ಸ್ಕೂಟರ್, ಯಾರಾದರೂ ಕೇಳಿದರೆ "ರಾತ್ರಿ ನಮ್ಮ ಕಡೆ ಬಸ್ಸಿಲ್ಲ" ಎಂಬ ಸತ್ಯ. ಹೆಣ್ಣುಮಗಳೊಬ್ಬಳು ರಾತ್ರಿ ಕತ್ತಲ ನಿಲ್ದಾಣದಲ್ಲಿ ಕಾಯುವುದು ಪರಿಸರ ಸೇವೆ ಏನಲ್ಲ.

ಅವಳ ಅಪ್ಪ ಹಿಂದೆ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮಗಳ ಕೆಲಸ ಅವರಿಗೆ ನಗೆ ತರಿಸುತ್ತಿತ್ತು. "ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಂದವರಿಗೆ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಹೇಳುವವರು ಬೇಕು, ಭೂಮಿ ಉಳಿಸಿ ಅನ್ನುವವರಲ್ಲ" ಎಂದಿದ್ದರಂತೆ. ಅವಳು ಇದನ್ನು ಅವಮಾನ ಎಂದು ಹೇಳಿದಳು, ನನಗೆ ಅದು ಒಳ್ಳೆಯ ಸಲಹೆಯಾಗಿ ಕೇಳಿತು. ಅಪ್ಪನ ಜೊತೆ ಕೂತು ಒಂದು ಕಾಲೇಜಿಗೆ ಬೇಕಾದ ಬಸ್ಸುಗಳ ಪಟ್ಟಿ ಮಾಡು ಎಂದೆ. ಮೊದಲ ಬಸ್ಸು, ಕೊನೆಯ ಬಸ್ಸು, ಹತ್ತುವ ಜಾಗ, ಅಷ್ಟೇ. ಅಪ್ಪ ಮೂರು ಸಂಜೆ ಬಿಡದೆ ಕೂತರು, ಮಧ್ಯೆ ಮಧ್ಯೆ ಹಳೆಯ ಡ್ರೈವರುಗಳಿಗೆ ಫೋನ್ ಹಚ್ಚಿದರು.

ಈಗ ನಿದ್ದೆ ಪರವಾಗಿಲ್ಲ. ಬಸ್ ಪಟ್ಟಿಯ ಪೋಸ್ಟರ್ ಒಪ್ಪಿಗೆಯಾಗಿದೆ, "ಮಾಲಿನ್ಯವೇ ಇಲ್ಲದ" ಎಂಬುದನ್ನು ತೆಗೆದಿದ್ದಾರೆ. ದೂರುಗಳ ವಾರದ ವರದಿಗೆ ಬಾಸ್ "ನೋಡುವ" ಎಂದಿದ್ದಾರೆ. ಏಳು ಗಂಟೆಗೆ ಬಿಡಬೇಕು ಎಂದು ಕೇಳಿದ್ದಕ್ಕೆ ಮಾತ್ರ ಒಪ್ಪಿಲ್ಲ. ಅವಳು ಬೇರೆ ಕೆಲಸಕ್ಕೂ ಅರ್ಜಿ ಹಾಕುತ್ತಿದ್ದಾಳೆ. ಬಯೋಡೇಟಾದಲ್ಲಿ "ಜಾಗೃತಿ ಮೂಡಿಸಿದೆ" ಎಂದು ಬರೆದಿದ್ದಳು. ಅದನ್ನು ಹೊಡೆದುಹಾಕಿ, ಬಸ್ಸಿನ ಸಮಯ ಕಲೆಹಾಕಿ ಪೋಸ್ಟರ್ ಮಾಡಿದ್ದನ್ನೂ ದೂರು ವಿಂಗಡಿಸಿದ್ದನ್ನೂ ಬರೆಯಲು ಹೇಳಿದ್ದೇನೆ.