ಬೆನ್ನುಡಿಯಲ್ಲಿ ವಯಸ್ಸು ಬೇಡ

ತಿಪಟೂರು ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ ನಿಮ್ಮ ವಿಮರ್ಶಕರು ಕ್ರಿಸ್ಟೋಫರ್ ಪಾವೊಲಿನಿಯ ‘ಎರಗಾನ್’ ಕಾದಂಬರಿಯನ್ನು ಎರವಲು ಕಥೆ, ಅತಿ ಪ್ರಚಾರದ ಕೂಸು ಎಂದು ಬರೆದರು. ಆ ಹುಡುಗ ಅದನ್ನು ಬರೆದದ್ದು 15ನೇ ವಯಸ್ಸಿನಲ್ಲಿ. ಆ ವಯಸ್ಸಿನಲ್ಲಿ ನಮ್ಮ ದೊಡ್ಡ ಸಾಹಿತಿಗಳು ಏನು ಬರೆದಿದ್ದರು? ನನ್ನ ಒಂಬತ್ತನೇ ತರಗತಿಯ ಮಕ್ಕಳು ಅದನ್ನು ಪಾಳಿ ಹಾಕಿಕೊಂಡು ಓದುತ್ತಿದ್ದಾರೆ. ಕಿರಿಯರನ್ನು ಕಂಡರೆ ಹಿರಿಯರಿಗೆ ಯಾಕಿಷ್ಟು ಹೊಟ್ಟೆಯುರಿ?" ಪತ್ರದ ಕೊನೆಯಲ್ಲಿ ಒಂದು ಕೋರಿಕೆಯೂ ಇದೆ. ಅವರ ವಿದ್ಯಾರ್ಥಿನಿಯೊಬ್ಬಳು ಮುನ್ನೂರು ಪುಟದ ಮಾಯಾಲೋಕದ ಕಾದಂಬರಿ ಬರೆದಿದ್ದಾಳೆ. ಅದಕ್ಕೆ ನಾನು ಮುನ್ನುಡಿ ಬರೆಯಬೇಕಂತೆ.

ಮೇಷ್ಟ್ರೇ,

ನಿಮ್ಮ ಪತ್ರದ ಬಿಸಿ ತಾಗಿತು. ಆದರೂ ಓದಿ ಸಂತೋಷವಾಯಿತು. ಇಂಗ್ಲಿಷಿನ ಐನೂರು ಪುಟದ ಪುಸ್ತಕಕ್ಕೆ ಹಳ್ಳಿ ಕಡೆಯ ಮಕ್ಕಳು ಪಾಳಿ ಹಚ್ಚಿ ನಿಲ್ಲುತ್ತಾರೆಂದರೆ ಅದರ ಹಿಂದೆ ನಿಮ್ಮಂಥ ಮೇಷ್ಟ್ರೊಬ್ಬರು ಇರಲೇಬೇಕು. ಲೈಬ್ರರಿ ಬೀರುವಿಗೆ ಬೀಗ ಹಾಕಿ ಕೀಲಿಕೈಯನ್ನು ಹೆಡ್‌ಮಾಸ್ಟರ ಡ್ರಾಯರಿನಲ್ಲಿ ಭದ್ರವಾಗಿಟ್ಟ ಶಾಲೆಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ನಿಮ್ಮ ಮಕ್ಕಳು ಆ ಪುಸ್ತಕವನ್ನು ಓದಲಿ, ಅದರ ಮುಂದಿನ ಭಾಗಗಳನ್ನೂ ಓದಲಿ. ಅವರ ಓದಿನ ಬಗ್ಗೆ ನನ್ನದೊಂದು ತಕರಾರೂ ಇಲ್ಲ.

ಪುಸ್ತಕದ ಪರವಾಗಿ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಕ್ರಿಸ್ಟೋಫರ್ ಪಾವೊಲಿನಿ ಅಮೆರಿಕದ ಮೊಂಟಾನಾ ರಾಜ್ಯದ ಪ್ಯಾರಡೈಸ್ ವ್ಯಾಲಿ ಎಂಬ ಕಣಿವೆಯಲ್ಲಿ ಬೆಳೆದ ಹುಡುಗ. ಶಾಲೆಗೆ ಹೋದವನಲ್ಲ, ಅಪ್ಪ ಅಮ್ಮ ಮನೆಯಲ್ಲೇ ಕಲಿಸಿದರು. ಹೈಸ್ಕೂಲು ಓದು 15ಕ್ಕೇ ಮುಗಿಯಿತು, ಕೈಯಲ್ಲಿ ಬೇಕಾದಷ್ಟು ಸಮಯವಿತ್ತು, ಬರೆಯಲು ಕೂತ. ಅವನ ನಾಯಕನಿಗೆ ಬೆಟ್ಟದಲ್ಲಿ ಒಂದು ನೀಲಿ ಕಲ್ಲು ಸಿಗುತ್ತದೆ. ಅದು ಬಿರುಕು ಬಿಟ್ಟು ಡ್ರ್ಯಾಗನ್ ಮರಿ ಹೊರಬರುತ್ತದೆ. ಮನೆಯವರಿಗೆ ತಿಳಿಯದ ಹಾಗೆ ಅದನ್ನು ಕಾಡಿನಲ್ಲಿ ಸಾಕುತ್ತಾನೆ. ಈ ಅಧ್ಯಾಯಗಳಲ್ಲಿ ಒಂಟಿ ಕಣಿವೆಯ ಹುಡುಗನೊಬ್ಬನಿಗೆ ಜೊತೆಗಾರನೊಬ್ಬ ಬೇಕೆಂಬ ಹಂಬಲ ನಿಜವಾಗಿ ಮಿಡಿಯುತ್ತದೆ. ಅಷ್ಟು ಭಾಗ ಪೂರ್ತಿ ಅವನದೇ. ನಿಮ್ಮ ಮಕ್ಕಳನ್ನು ಹಿಡಿದು ಕೂರಿಸಿದ್ದೂ ಅದೇ ಇರಬೇಕು.

ಆಮೇಲಿನದರಲ್ಲಿ ಬಹಳಷ್ಟು ಬೇರೆಯವರ ಮನೆಯಿಂದ ಬಂದದ್ದು. ಹಳ್ಳಿಯ ಅನಾಥ ಹುಡುಗ, ಗುಟ್ಟು ಬಲ್ಲ ಮುದುಕ ಗುರು, ಸೆರೆಯಲ್ಲಿರುವ ರಾಜಕುಮಾರಿ, ದುಷ್ಟ ಸಾಮ್ರಾಜ್ಯ, ಅಡಗಿ ಹೋರಾಡುವ ಬಂಡಾಯಗಾರರು: ಇವನ್ನೆಲ್ಲ 1977ರಲ್ಲೇ ‘ಸ್ಟಾರ್ ವಾರ್ಸ್’ ತೆರೆಯ ಮೇಲೆ ತೋರಿಸಿತ್ತು. ಸವಾರನೂ ಡ್ರ್ಯಾಗನ್ನೂ ಮನಸ್ಸಿನಲ್ಲೇ ಮಾತಾಡಿಕೊಳ್ಳುವುದನ್ನು ಕಾದಂಬರಿಗಾರ್ತಿ ಆನ್ ಮೆಕ್‌ಕ್ಯಾಫ್ರಿ 1960ರ ದಶಕದಲ್ಲೇ ಬರೆದಿದ್ದರು. ವಸ್ತುವಿನ ನಿಜನಾಮ ಹಿಡಿದು ಮಾಡುವ ಮಾಂತ್ರಿಕತೆ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರಲ್ಲಿ ಇದೆ. ಎಲ್ಫ್ ಎಂಬ ಚೂಪು ಕಿವಿಯ ಜನ, ಕುಬ್ಜರು ಎಲ್ಲ ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಮನೆಯವರು. ನಮ್ಮ ವಿಮರ್ಶಕರು ಇಷ್ಟನ್ನೇ ಹೇಳಿದ್ದು. ನನ್ನ ಮಟ್ಟಿಗೆ ಎರವಲು ದೊಡ್ಡ ಅಪರಾಧವೇನಲ್ಲ. ಕುವೆಂಪು ಕಿಂದರಿಜೋಗಿಯನ್ನು, ಜರ್ಮನಿಯ ಕಥೆಯೊಂದನ್ನು ಕವನವಾಗಿಸಿದ್ದ ಇಂಗ್ಲಿಷ್ ಕವಿ ಬ್ರೌನಿಂಗ್‌ನಿಂದ ತಂದರು. ತಂದು ತುಂಗೆಯ ದಡದಲ್ಲಿ ನಿಲ್ಲಿಸಿದರು, ಕೈಗೆ ಕಿಂದರಿ ಕೊಟ್ಟರು. ಇವತ್ತು ಅದು ಜರ್ಮನಿಯ ಕಥೆ ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ತಂದದ್ದನ್ನು ಹಾಗೆ ತನ್ನದಾಗಿಸಿಕೊಳ್ಳುವ ಕೆಲಸವನ್ನು ಪಾವೊಲಿನಿ ಆ ಪುಸ್ತಕದಲ್ಲಿ ಅರ್ಧಕ್ಕೇ ಬಿಟ್ಟ ಎಂಬುದು ನನ್ನ ಅಭಿಪ್ರಾಯ.

ನನ್ನ ಜಗಳ ಇರುವುದು ಪ್ರಚಾರದ ಜೊತೆ. "15ರ ಹುಡುಗ ಬರೆದದ್ದು" ಎನ್ನುತ್ತೀರಿ. ನೀವಷ್ಟೇ ಅಲ್ಲ, ಜಗತ್ತೇ ಹಾಗೆಂದಿತು. ಆದರೆ 15ರ ಹುಡುಗ ಬರೆದದ್ದು ನಿಮ್ಮ ಮಕ್ಕಳ ಕೈಗೆ ಬಂದೇ ಇಲ್ಲ. ಮೊದಲ ಕರಡು ಮುಗಿದ ಮೇಲೆ ಅವನು ಅದನ್ನು ಮತ್ತೆ ಕೈಗೆತ್ತಿಕೊಂಡು ಇನ್ನೊಂದು ವರ್ಷ ತಿದ್ದಿದ. ಅಪ್ಪ ಅಮ್ಮ ಕೂತು ತಿದ್ದಿಕೊಟ್ಟರು. ಮನೆಯವರೇ ಸೇರಿ ಅಚ್ಚು ಹಾಕಿಸಿದರು. ಹುಡುಗ ಮಧ್ಯಯುಗದ ವೇಷ ಹಾಕಿಕೊಂಡು ಶಾಲೆ, ಲೈಬ್ರರಿ, ಪುಸ್ತಕದಂಗಡಿ ಎನ್ನದೆ ಸುತ್ತಿದ. ಕಾರ್ಲ್ ಹಯಾಸನ್ ಎಂಬ ಕಾದಂಬರಿಕಾರರ ಕುಟುಂಬ ಮೊಂಟಾನಾಕ್ಕೆ ಬಂದಿದ್ದಾಗ ಅವರ ಮಲಮಗನ ಕೈಗೆ ಆ ಪುಸ್ತಕ ಸಿಕ್ಕಿತು. ಅವನು ಮೆಚ್ಚಿದ. ಹಯಾಸನ್ ಕ್ನಾಫ್ ಪ್ರಕಾಶನಕ್ಕೆ ಹೇಳಿದರು. ಅಲ್ಲಿ ಮತ್ತೊಂದು ಸುತ್ತು ಕತ್ತರಿ ಆಡಿದ ಮೇಲೆ 2003ರ ಆಗಸ್ಟಿನಲ್ಲಿ ನಾವೆಲ್ಲ ಓದಿದ ಪುಸ್ತಕ ಬಂತು. ಆಗ ಅವನಿಗೆ 19 ವರ್ಷ. ಮತ್ತೆ ಮತ್ತೆ ತಿದ್ದಿದ ಆ ದುಡಿಮೆ ಇದೆಯಲ್ಲ, ಹೊಗಳಬೇಕಾದದ್ದು ಅದನ್ನು. ಪ್ರಚಾರ ಅದನ್ನೇ ನುಂಗಿಹಾಕಿ 15 ಎಂಬ ಅಂಕಿಯನ್ನು ಮುಂದಿಟ್ಟಿತು. ಓದಿದ ಮಕ್ಕಳಿಗೆ ತಲುಪಿದ ಸಂದೇಶವಾದರೂ ಏನು? ಪ್ರತಿಭೆ ಇದ್ದರೆ 15ಕ್ಕೇ ಆಗಿಬಿಡಬೇಕು, 16 ಆದರೆ ತಡವಾಯಿತು ಎಂದು.

ಲೆ ಗ್ವಿನ್ ಅವರ ಹೆಸರು ಬಂದದ್ದರಿಂದ ಹೇಳುತ್ತೇನೆ. ಆಕೆ ತನ್ನ ಮೊದಲ ಕಥೆಯನ್ನು ಪತ್ರಿಕೆಗೆ ಕಳಿಸಿದ್ದು 11ನೇ ವಯಸ್ಸಿನಲ್ಲಿ. ಅದು ತಿರಸ್ಕೃತವಾಗಿ ವಾಪಸು ಬಂತು. ಮೊದಲ ಕಾದಂಬರಿ ಅಚ್ಚಾಗುವ ಹೊತ್ತಿಗೆ 1966. ಎರಡು ವರ್ಷದ ಮೇಲೆ, ಹೆಚ್ಚು ಕಡಿಮೆ 39ರಲ್ಲಿ, ಅರ್ತ್‌ಸೀ ದ್ವೀಪಗಳ ಮಾಂತ್ರಿಕ ಹುಡುಗನ ಕಥೆ ಕೊಟ್ಟರು. ಆ 11ರ ಹುಡುಗಿಯ ಕಥೆಯನ್ನು "ಅತಿ ಕಿರಿಯ ಲೇಖಕಿ" ಎಂಬ ತಲೆಬರಹದ ಕೆಳಗೆ ಯಾರೋ ಅಚ್ಚು ಹಾಕಿದ್ದರೆ? ಅದನ್ನು ವಾಪಸು ಕಳಿಸಿದ ಆ ಸಂಪಾದಕರಿಗೆ ನಾನು ಋಣಿ.

ಮಕ್ಕಳ ತೀರ್ಪನ್ನು ನಾನು ಕಡೆಗಣಿಸುತ್ತೇನೆಂದು ಮಾತ್ರ ತಿಳಿಯಬೇಡಿ. ಟೋಲ್ಕಿನ್ 44ರ ಪ್ರೊಫೆಸರು. ಅವರ ‘ಹಾಬಿಟ್’ ಹಸ್ತಪ್ರತಿ ಬಂದಾಗ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅದನ್ನು ತನ್ನ 10 ವರ್ಷದ ಮಗ ರೇನರ್‌ಗೆ ಕೊಟ್ಟರು. ಓದಿ ವರದಿ ಬರೆದದ್ದಕ್ಕೆ ಹುಡುಗನಿಗೆ ಒಂದು ಶಿಲ್ಲಿಂಗ್ ಸಂಭಾವನೆ. ಅವನ ಶಿಫಾರಸಿನ ಮೇಲೆ 1937ರಲ್ಲಿ ಪುಸ್ತಕ ಹೊರಬಂತು. ಓದುಗರಾಗಿ ಮಕ್ಕಳಷ್ಟು ಖಡಾಖಂಡಿತ ಯಾರೂ ಇಲ್ಲ. ಆ ರೇನರ್ ಆಗಲಿ, ಹಯಾಸನ್ನರ ಮಲಮಗನಾಗಲಿ ಲೇಖಕನ ವಯಸ್ಸು ನೋಡಿ ಪುಟ ತಿರುವಿರಲಾರರು.

ಚಿಕ್ಕ ವಯಸ್ಸಿನಲ್ಲಿ ನಿಜವಾಗಿ ದೊಡ್ಡ ಕೃತಿ ಬರೆದವರು ಇಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. ಮೇರಿ ಶೆಲ್ಲಿ ‘ಫ್ರಾಂಕೆನ್‌ಸ್ಟೈನ್’ ಶುರುಮಾಡಿದ್ದು 18ರಲ್ಲಿ. 1818ರಲ್ಲಿ ಪುಸ್ತಕ ಬಂದಾಗ ಅದರ ಮೇಲೆ ವಯಸ್ಸಿರಲಿ, ಹೆಸರೇ ಇರಲಿಲ್ಲ. ಗಂಡನೇ ಬರೆದಿರಬೇಕೆಂದುಕೊಂಡವರೂ ಇದ್ದರು. ಪುಸ್ತಕ ತನ್ನ ಕಾಲ ಮೇಲೆ ತಾನೇ ನಿಂತಿತು. ಇನ್ನು ನಮ್ಮ ಮುದ್ದಣ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ಇಪ್ಪತ್ತರ ಹರೆಯದಲ್ಲಿ ‘ಅದ್ಭುತ ರಾಮಾಯಣ’ ಬರೆದರು, ‘ರಾಮಾಶ್ವಮೇಧ’ ಬರೆದರು. ಮೈಸೂರಿನ ಪತ್ರಿಕೆಗೆ ಕಳಿಸುವಾಗ ತಾನು ಬರೆದದ್ದು ಎನ್ನಲಿಲ್ಲ, ಯಾವುದೋ ಹಳೆಯ ಕವಿಯದು ಎಂದರು. ವಿದ್ವಾಂಸರು ನಂಬಿ ಅಚ್ಚು ಹಾಕಿದರು. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆತನಿಗೆ 31. ಜೀವವಿರುವಾಗ ಹೊಗಳಿಕೆ ದಕ್ಕಲಿಲ್ಲ ಎಂಬ ಸಂಕಟ ನನಗೂ ಇದೆ, ಯಾರಿಗೂ ಹಾಗಾಗಬಾರದು. ಆದರೆ ಮನೋರಮೆಯ ಸಲ್ಲಾಪ ಓದುವಾಗ ಬರೆದವನ ವಯಸ್ಸಿನ ಲೆಕ್ಕ ಯಾರ ತಲೆಗೂ ಬರುವುದಿಲ್ಲ.

"ಆ ವಯಸ್ಸಿನಲ್ಲಿ ನಮ್ಮ ದೊಡ್ಡ ಸಾಹಿತಿಗಳು ಏನು ಬರೆದಿದ್ದರು" ಎಂದು ಸವಾಲು ಹಾಕಿದ್ದೀರಿ. ಒಬ್ಬರ ವಿಷಯ ಹೇಳುತ್ತೇನೆ. 1922ರಲ್ಲಿ, ಇನ್ನೂ 18 ತುಂಬದ ಪುಟ್ಟಪ್ಪ ಎಂಬ ಹುಡುಗ ಇಂಗ್ಲಿಷಿನಲ್ಲಿ ಕವಿತೆ ಬರೆದು ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಕ ತಂದ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ ಇಂಗ್ಲಿಷ್ ಕವಿತೆ ಓದಿ, ಮಾತೃಭಾಷೆಯಲ್ಲಿ ಬರೆ ಎಂದರು. ಮಲೆನಾಡಿನ ಹುಡುಗ ಇಂಗ್ಲಿಷಿನಲ್ಲಿ ಛಂದಸ್ಸು ಕಟ್ಟಿದ್ದಾನೆಂದು ಬೆನ್ನು ತಟ್ಟಿ ಕಳಿಸಿಬಿಡುವುದು ಆ ಹಿರಿಯರಿಗೆ ಬಹಳ ಸುಲಭವಿತ್ತು. ಹಾಗೆ ಮಾಡಲಿಲ್ಲ. ಹುಡುಗನಿಗೆ ಆ ಕ್ಷಣ ಕಹಿಯಾಗಿತ್ತು. ಆ ಕಹಿಯಿಂದಲೇ ಕನ್ನಡಕ್ಕೆ ಕುವೆಂಪು ಸಿಕ್ಕರು.

ಈಗ ಅಂಥ ಹಿರಿಯರು ಎಲ್ಲಿದ್ದಾರೆ ಮೇಷ್ಟ್ರೇ? ಇದು ನನ್ನ ಬಹುಕಾಲದ ನೋವು, ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರುವ ಪುಸ್ತಕಗಳಲ್ಲಿ ಸಂಪಾದಕನೊಬ್ಬ ಪೆನ್ಸಿಲ್ ಹಿಡಿದು ಓದಿದವು ಎಷ್ಟಿವೆ? ಲೇಖಕ ಪೆನ್‌ಡ್ರೈವ್ ಕೊಡುತ್ತಾನೆ, ಡಿಟಿಪಿಯವರು ಪುಟ ಕಟ್ಟುತ್ತಾರೆ, ಕರಡಚ್ಚನ್ನೂ ಲೇಖಕನೇ ನೋಡುತ್ತಾನೆ. ಪ್ರಕಾಶಕರ ಕಣ್ಣು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಪತ್ರಿಕೆಗಳಲ್ಲಿ ಬರುವ ಪುಸ್ತಕ ಪರಿಚಯಗಳಲ್ಲಿ ಬೆನ್ನುಡಿಯೇ ಹಿಂದೆ ಮುಂದೆಯಾಗಿ ಮತ್ತೆ ಬರುತ್ತದೆ. ಲೇಖಕ ಮಗುವಾಗಿಬಿಟ್ಟರಂತೂ ಮುಗಿಯಿತು. ಶಾಲು, ಹಾರ, ಮೈಸೂರು ಪೇಟ, "ಅತಿ ಕಿರಿಯ" ಎಂಬ ದಾಖಲೆಯ ಪ್ರಮಾಣಪತ್ರ. ಟೀವಿಯ ಹಾಡಿನ ಸ್ಪರ್ಧೆಗಳಲ್ಲಿ ಏಳೆಂಟು ವರ್ಷದ ಕೂಸುಗಳನ್ನು ರಾತ್ರಿ ಹನ್ನೊಂದರವರೆಗೆ ದೀಪದ ಕೆಳಗೆ ನಿಲ್ಲಿಸಿ, ತೀರ್ಪುಗಾರರು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಗುವಿಗೆ ಹತ್ತು ವರ್ಷ ಕೂತು ಸ್ವರ ಕಲಿಸುವ ಗುರುವನ್ನು ಯಾರೂ ಹುಡುಕಿಕೊಡುವುದಿಲ್ಲ. ಮಕ್ಕಳನ್ನು ಹೊಗಳುವುದು ನಮಗೆ ಅಗ್ಗ, ಓದುವುದು ದುಬಾರಿ.

ಕೆಲವು ವರ್ಷಗಳ ಹಿಂದೆ ತಂದೆಯೊಬ್ಬರು ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಸ್ಪೈರಲ್ ಬೈಂಡ್ ಮಾಡಿಸಿದ ದಪ್ಪ ಹಸ್ತಪ್ರತಿ. ಚೂಪು ಕಿವಿಯ ಜನ, ಹಿಮದ ಕೋಟೆ, ಮಾತಾಡುವ ಕತ್ತಿ. ಒಂದೊಂದು ವಾಕ್ಯಕ್ಕೂ ನಾಲ್ಕು ವಿಶೇಷಣ. ಇಟ್ಟುಬಿಡಬೇಕು ಎನ್ನುವಷ್ಟರಲ್ಲಿ ಏಳನೇ ಅಧ್ಯಾಯ ಬಂತು. ನಾಯಕ ಮನೆ ಬಿಟ್ಟು ಹೊರಡುವ ರಾತ್ರಿ ಅದು. ಅಡುಗೆಮನೆ ದಾಟುವಾಗ ಹಾಲಿನ ಪಾತ್ರೆ ತೆರೆದೇ ಇರುವುದು ಅವನಿಗೆ ಕಾಣುತ್ತದೆ. ಅಜ್ಜಿ ಹೋದ ಮೇಲೆ ಅದನ್ನು ಮುಚ್ಚುವುದು ಆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಕತ್ತಲಲ್ಲೇ ತಟ್ಟೆ ಹುಡುಕಿ ಮುಚ್ಚುತ್ತಾನೆ. ಬೆಕ್ಕು ಬಾಯಿ ಹಾಕದಂತೆ ಅಜ್ಜಿ ಇಡುತ್ತಿದ್ದ ಗುಂಡುಕಲ್ಲನ್ನು ತಟ್ಟೆಯ ಮೇಲಿಡುತ್ತಾನೆ. ಆಮೇಲೆ ಕತ್ತಿ ಕೈಗೆತ್ತಿಕೊಳ್ಳುತ್ತಾನೆ.

ನಾನು ಎದ್ದು ಹೋಗಿ ಆ ಹುಡುಗನ ಕೈ ಹಿಡಿದುಕೊಂಡೆ. ಈ ಅಧ್ಯಾಯ ನಿನ್ನದು, ಉಳಿದದ್ದನ್ನು ಇದರ ಎತ್ತರಕ್ಕೆ ತಾ, ಒಂದು ವರ್ಷ ತಗೋ, ನಾನು ಜೊತೆಗಿರುತ್ತೇನೆ ಎಂದೆ. ಅವನ ಕಣ್ಣು ಅರಳಿತು. ತಂದೆಯ ಮುಖ ಸಣ್ಣದಾಯಿತು. "ಇಲ್ಲ ಸಾರ್, ಹದಿನಾರು ತುಂಬೋದರೊಳಗೆ ಬರಬೇಕು, ಇಲ್ಲದಿದ್ದರೆ ಏನು ವಿಶೇಷ" ಎಂದರು. ಅವರೇ ದುಡ್ಡು ಕೊಟ್ಟು ಬೇರೆಡೆ ಅಚ್ಚು ಹಾಕಿಸಿದರು. ಬಿಡುಗಡೆಯ ಫೋಟೋ ಪತ್ರಿಕೆಯಲ್ಲಿ ಬಂತು, ಹುಡುಗನ ತಲೆಗೆ ದೊಡ್ಡವರ ಅಳತೆಯ ಪೇಟ ಹುಬ್ಬಿನವರೆಗೆ ಇಳಿದಿತ್ತು. ಪುಸ್ತಕ ತರಿಸಿ ನೋಡಿದೆ. ಏಳನೇ ಅಧ್ಯಾಯವೇ ಇರಲಿಲ್ಲ. ಪುಟ ಜಾಸ್ತಿಯಾಯಿತು, ಅದರಲ್ಲಿ ಯುದ್ಧವೂ ಇಲ್ಲ ಎಂದು ತೆಗೆದರಂತೆ. ಆ ಹುಡುಗ ಮತ್ತೆ ಬರೆದದ್ದು ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮದೇ ಜಾನಪದ ಕಥೆಯೊಂದು ನಿಮಗೂ ಗೊತ್ತಿರಬಹುದು. ಬಡ ಮನೆಯ ಹುಡುಗಿ ಹೂವಿನ ಮರವಾಗಬಲ್ಲಳು. ಮರವಾಗಲು ಒಂದು ಕೊಡ ನೀರು, ಮತ್ತೆ ಹುಡುಗಿಯಾಗಲು ಇನ್ನೊಂದು ಕೊಡ. ಹೂವನ್ನು ಹುಷಾರಾಗಿ ಬಿಡಿಸಬೇಕು, ಕೊಂಬೆ ಮುರಿಯಬಾರದು. ರಾಜಕುಮಾರನನ್ನು ಮದುವೆಯಾದ ಮೇಲೆ ಅವಳ ನಾದಿನಿ ಗೆಳತಿಯರಿಗೆ ತೋರಿಸಬೇಕೆಂದು ತೋಪಿಗೆ ಕರೆದೊಯ್ಯುತ್ತಾಳೆ. ಒತ್ತಾಯಿಸಿ ಮರವಾಗಿಸುತ್ತಾರೆ. ಕೊಂಬೆ ಮುರಿದು ಹೂ ಕೀಳುತ್ತಾರೆ, ನೀರನ್ನು ಬೇಕಾಬಿಟ್ಟಿ ಸುರಿದು ಓಡಿಬಿಡುತ್ತಾರೆ. ಹುಡುಗಿ ಕೈಕಾಲಿಲ್ಲದ ದೇಹವಾಗಿ ನೆಲದ ಮೇಲೆ ಉಳಿಯುತ್ತಾಳೆ. ಅದ್ಭುತ ಕಥೆ ಎಂದರೆ ಇದು. ಅದರ ಮಾಯೆಗೊಂದು ನಿಯಮವಿದೆ, ನಿಯಮ ಮುರಿದರೆ ಬೆಲೆ ತೆರಬೇಕು. ನಿಮ್ಮ ವಿದ್ಯಾರ್ಥಿನಿಗೆ ಇದನ್ನು ದಯವಿಟ್ಟು ಹೇಳಿ. ಅವಳ ಸುತ್ತ ಇರುವ ದೊಡ್ಡವರೂ ಕೇಳಿಸಿಕೊಳ್ಳಲಿ.

ಆ ಮಗುವಿನ ಕಾದಂಬರಿಗೆ ನಾನು ಮುನ್ನುಡಿ ಬರೆಯುವುದಿಲ್ಲ. ಓದುತ್ತೇನೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ. ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟು ಬರೆಸಿ ಕಳಿಸಿ. ತರಗತಿ, ವಯಸ್ಸು ಯಾವುದೂ ಬೇಡ. ಬಿಡುಗಡೆಗೆ ಮಂತ್ರಿಗಳ ದಿನಾಂಕ ಕೇಳಿದ್ದೀರೆಂದು ಬರೆದಿದ್ದೀರಿ, ಅದನ್ನು ಈ ವಾರವೇ ಬೇಡವೆಂದು ಹೇಳಿಬಿಡಿ. ನನ್ನ ಗುರುತುಗಳನ್ನು ನೋಡಿ ಅವಳಿಗೆ ಸಿಟ್ಟು ಬಂದರೆ ನೇರವಾಗಿ ನನಗೇ ಬರೆಯಲಿ, ಅವಳ ಪತ್ರಕ್ಕೂ ಉತ್ತರ ಬರೆಯುತ್ತೇನೆ. ನಿಮ್ಮ ಶಾಲೆಯ ಬೀರುವಿಗೆ ಲೆ ಗ್ವಿನ್ ಅವರ ಪುಸ್ತಕದ ಎರಡು ಪ್ರತಿ ಅಂಚೆಯಲ್ಲಿ ಹೊರಟಿವೆ. ಪಾಳಿಯಲ್ಲಿ ಮೊದಲನೆಯ ಸರದಿ ಅವಳಿಗೆ ಕೊಡಿ.